ಗಾಜಿನ ಸೆರೆಯೂ ಅಹಿಂಸಾಣುವ್ರತವೂ

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು, ಬಟ್ಟೆಯಲ್ಲುಳಿದ ಜೀವಿಗಳನ್ನು ನೀರು ತಂದ ಸ್ಥಳಕ್ಕೇ ಮರಳಿ ಬಿಡುವುದು ಶ್ರಾವಕರ ಮನೆಯ ಪುರಾತನ ಆಚಾರ. ಕಣ್ಣಿಗೆ ಕಾಣದ ಜೀವವೂ ತನ್ನ ನೆಲೆಯಲ್ಲೇ ಬದುಕಬೇಕೆಂಬುದು ಅದರ ತಿರುಳು. ಅಂಥ ಮನೆಯ ಪಡಸಾಲೆಯಲ್ಲಿ ಕಡಲಿನಿಂದ ಹಿಡಿದು ತಂದ ನಕ್ಷತ್ರಮೀನನ್ನು ಗಾಜಿನ ತೊಟ್ಟಿಯಲ್ಲಿರಿಸಿ ಅಂದ ನೋಡುವುದು ಯಾವ ಧರ್ಮ?

ಚೆನ್ನಾಗಿ ಸಾಕಿದರೆ ತಪ್ಪೇನು ಎಂಬುದು ಮೊದಲ ವಾದ. ಚೆನ್ನಾಗಿ ಸಾಕುವುದೆಂದರೇನೆಂದು ವಿಚಾರಿಸಬೇಕು. ಹೆಸರು ಹಾಗಿದ್ದರೂ ಇದು ಮೀನಲ್ಲ. ಇದಕ್ಕೆ ರಕ್ತವಿಲ್ಲ; ಕಡಲ ನೀರೇ ಒಳನಾಳಗಳಲ್ಲಿ ಹರಿದು ಕೊಳವೆಯಂಥ ಕಾಲುಗಳನ್ನು ನಡೆಸುತ್ತದೆ. ಆದುದರಿಂದ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂನಲ್ಲಿ ಸ್ಥಿರವಾಗಿರಬೇಕು. ಹೊಸ ನೀರಿಗೆ ಹನಿಹನಿಯಾಗಿ ಗಂಟೆಗಟ್ಟಲೆ ಒಗ್ಗಿಸಬೇಕು, ನೀರಿನಿಂದ ಮೇಲೆತ್ತಬಾರದು. ಉಷ್ಣತೆ 24ರಿಂದ 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧ ಇದಕ್ಕೆ ವಿಷ. ಕಡಲಿನಿಂದ ಬಹುದೂರದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಇದಕ್ಕಾಗಿ ಯಂತ್ರಗಳು ಹಗಲಿರುಳು ನಡೆಯಬೇಕು. ಕೆಲವು ಗಂಟೆ ವಿದ್ಯುತ್ತು ನಿಂತರೆ ನೀರು ಬಿಸಿಯೇರಿ ಆಮ್ಲಜನಕ ಇಳಿಯುತ್ತದೆ.

ಹಣವುಳ್ಳವರು ಯಂತ್ರಗಳನ್ನು ಒದಗಿಸಿಯಾರು. ಆದರೆ ಆಹಾರ? ಮೈಮೇಲೆ ಕಂದು ಮೊನೆಗಳುಳ್ಳ ಜಾತಿಗೆ ಸಿಗಡಿ, ಚಿಪ್ಪುಜೀವಿಗಳ ಮಾಂಸ ಬೇಕು. ಮರಳಲ್ಲಿ ಹುದುಗುವ ಜಾತಿ ಅಲ್ಲಿನ ಸಣ್ಣ ಜೀವಿಗಳನ್ನು ತಿಂದು ಮುಗಿಸಿ ಹಸಿಯುತ್ತದೆ. ನೀಲಿ ಜಾತಿ ಬಂಡೆಗಳ ಮೇಲಿನ ಸೂಕ್ಷ್ಮ ಪದರವನ್ನು ಮೇಯುತ್ತದೆ; ಚಿಕ್ಕ ತೊಟ್ಟಿಯಲ್ಲಿ ಅದು ಸಾಲದೆ ತಿಂಗಳುಗಟ್ಟಲೆ ಸೊರಗಿ ಅಳಿಯುವುದೇ ಹೆಚ್ಚು. ಗಡ್ಡೆಗೆಣಸನ್ನೂ ವರ್ಜಿಸಿದ ಮನೆಯಲ್ಲಿ ಸಿಗಡಿಯ ಮಾಂಸವನ್ನು ತಂದಿಡಬೇಕು. ಇಲ್ಲವೆ ಸೆರೆಹಿಡಿದ ಜೀವವನ್ನು ಉಪವಾಸ ಕೆಡವಬೇಕು. ಉಪವಾಸ ತಾನಾಗಿ ಕೈಗೊಂಡರೆ ತಪಸ್ಸು. ಪರರ ಮೇಲೆ ಹೇರಿದರೆ ಹಿಂಸೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೂ ಕೊನೆಯದೂ ಈ ತೊಟ್ಟಿಯಲ್ಲಿ ಜೊತೆಯಾಗಿ ನೆಲೆಸಿವೆ.

ಇದಕ್ಕೆ ಮಿದುಳಿಲ್ಲ ಎಂಬುದು ಮುಂದಿನ ವಾದ. ಅದು ನಿಜ. ಆದರೆ ಬಾಯಿಯ ಸುತ್ತ ನರಗಳ ಬಳೆಯಿದೆ. ತೋಳುಗಳ ತುದಿಯಲ್ಲಿ ಬೆಳಕನ್ನರಿಯುವ ಚುಕ್ಕೆಗಳಿವೆ. ಆಹಾರವಿದ್ದೆಡೆಗೆ ತಾನೇ ನಡೆಯುತ್ತದೆ. ತ್ರಸಜೀವವೆನ್ನಲು ಇನ್ನೇನು ಬೇಕು? ಧರ್ಮವು ಮಿದುಳನ್ನು ತೂಗಿ ದಯೆಯನ್ನು ಅಳೆಯುವುದಿಲ್ಲ.

ಅಂಗಡಿಯವರು ಮೊದಲೇ ತಂದದ್ದು, ಕೊಳ್ಳುವವರದೇನು ಪಾಪ ಎಂಬುದು ಕೊನೆಯ ವಾದ. ಮಾರಾಟದ ನಕ್ಷತ್ರಮೀನುಗಳು ಬಹುಮಟ್ಟಿಗೆ ಕಡಲಿನಿಂದಲೇ ಹಿಡಿದವು. ಒಂದನ್ನು ಕೊಂಡರೆ ಆ ಜಾಗಕ್ಕೆ ಇನ್ನೊಂದನ್ನು ಹಿಡಿಯುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೊಳ್ಳುವವರು ಎರಡನೆಯದರಿಂದ ತಪ್ಪಿಸಿಕೊಳ್ಳಲಾರರು.

ಈಗಾಗಲೇ ಮನೆಯಲ್ಲಿರುವ ಜೀವವನ್ನು ಕರುಣೆಯೆಂದು ತುಂಗಭದ್ರೆಗೆ ಬಿಡುವುದೂ ಕೊಲೆಯೇ. ಸಿಹಿನೀರಿನಲ್ಲಿ ಅದು ಬದುಕದು. ಅದರ ಆಯುಷ್ಯ ತೀರುವವರೆಗೆ ಮೇಲೆ ಹೇಳಿದ ಎಚ್ಚರದಿಂದ ಪೋಷಿಸುವುದು ಋಣ. ಆ ಬಳಿಕ ಮತ್ತೊಂದನ್ನು ತಾರದಿರುವುದು ಪ್ರಾಯಶ್ಚಿತ್ತ. ಬಸದಿಯ ಟ್ರಸ್ಟುಗಳು ಧರ್ಮಶಾಲೆಗೋ ಪಾಠಶಾಲೆಗೋ ಇಂಥ ತೊಟ್ಟಿಯನ್ನು ದಾನವಾಗಿ ಯಾರಾದರೂ ನೀಡಬಂದರೆ ವಿನಯದಿಂದ ನಿರಾಕರಿಸಲಿ. ಮಕ್ಕಳಿಗೆ ನಕ್ಷತ್ರಮೀನನ್ನು ತೋರಿಸುವ ಆಸೆಯುಳ್ಳವರು ಅವರನ್ನೇ ಕಡಲ ತಡಿಗೆ ಕರೆದೊಯ್ಯಲಿ. ಮುಟ್ಟದೆ ನೋಡಿ ಮರಳುವುದನ್ನು ಕಲಿತ ಮಗು ಅಪರಿಗ್ರಹದ ಮೊದಲ ಪಾಠವನ್ನು ಕಲಿತಂತೆಯೇ.