ಬಿಟ್ಟಿ ವಿಮಾನದ ಬವಣೆ

ಓಣಂ ರಜೆಯ ಒಂದು ಬೆಳಿಗ್ಗೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಳೆಯ ಲ್ಯಾಪ್‌ಟಾಪೊಂದನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯ ಅಂಗಳದಲ್ಲಿ ಬಂದು ನಿಂತ. ತಂದೆ ಗಲ್ಫಿನಲ್ಲಿರುವವರು. ಅವರನ್ನು ಬೀಳ್ಕೊಡಲು ತಾಯಿಯೊಡನೆ ಬಜಪೆಗೆ ಹೋಗಿ ಬರುತ್ತಿದ್ದವನಿಗೆ ಚಿಕ್ಕಂದಿನಿಂದಲೂ ತಾನು ವಿಮಾನಚಾಲಕನಾಗಬೇಕೆಂಬ ಹಂಬಲ. ಅಂದು ಮಾತ್ರ, “ಮಾಷ್ಟ್ರೇ, ನಾನು ಪೈಲಟ್ ಆಗುವುದಿಲ್ಲ, ನನ್ನಿಂದ ಆಗದು” ಎಂದ. ಏಕೆಂದು ವಿಚಾರಿಸಿದರೆ, ಎಂಟು ದಿನಗಳಿಂದ ಹೆಣಗಿದರೂ ಗಣಕಯಂತ್ರದೊಳಗಿನ ವಿಮಾನ ನೆಲ ಬಿಟ್ಟು ಏಳಲಿಲ್ಲವಂತೆ! ನಗು ಬಂದಿತಾದರೂ ಅವನ ಮುಖ ನೋಡಿ ತಡೆದುಕೊಂಡೆ.

ಈ ಕೃತಕ ಹಾರಾಟದ ವಿದ್ಯೆ ಹಳೆಯದು. ಅಮೇರಿಕದ ಎಡ್ವಿನ್ ಲಿಂಕ್ ಎಂಬಾತ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಕಲಿತ ತಿದಿಯ ಕೆಲಸವನ್ನೇ ಬಳಸಿ, ನೆಲದ ಮೇಲೆಯೇ ವಾಲುವ, ತೊನೆಯುವ ಪುಟ್ಟ ವಿಮಾನವೊಂದನ್ನು 1929ರಲ್ಲಿ ನಿರ್ಮಿಸಿದ. ಮೊದಮೊದಲು ಅದು ಮನೋರಂಜನೆಯ ಉದ್ಯಾನಗಳ ಆಟಿಕೆಯಾಯಿತು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನಾ ಚಾಲಕರು ಕೆಟ್ಟ ಹವೆಯಲ್ಲಿ ದಾರಿ ಕಾಣದೆ ಒಬ್ಬರ ಹಿಂದೊಬ್ಬರು ಬಿದ್ದು ಸತ್ತ ಬಳಿಕವಷ್ಟೇ ಅಮೇರಿಕದ ಸೇನೆ ಅಂಥ ಆರು ಯಂತ್ರಗಳನ್ನು ಕೊಂಡುಕೊಂಡಿತು. ಮನೆಯ ಗಣಕಯಂತ್ರಕ್ಕೆ ಮೈಕ್ರೋಸಾಫ್ಟ್‌ನ ಹಾರಾಟದ ಆಟ ಬಂದದ್ದು 1982ರಲ್ಲಿ.

ಇಂದು ಹಣ ಕೊಡದೆ ದೊರೆಯುವ ಇಂಥ ಆಟಗಳು ಹಲವಿವೆ. ಆದರೆ ಬಿಟ್ಟಿ ಎಂಬ ಮಾತಿಗೆ ಎರಡು ಅರ್ಥಗಳಿವೆ. 2012ರ ಫೆಬ್ರವರಿಯಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಎಂಬ ಆಟದಲ್ಲಿ ಹವಾಯಿಯ ಒಂದು ದ್ವೀಪ ಮಾತ್ರ ಧರ್ಮಕ್ಕೆ ದೊರೆಯುತ್ತಿತ್ತು; ಉಳಿದ ದ್ವೀಪಗಳಿಗೂ ಹೆಚ್ಚಿನ ವಿಮಾನಗಳಿಗೂ ಹಣ ತೆರಬೇಕಿತ್ತು. ಅದೇ ವರ್ಷದ ಜುಲೈಯಲ್ಲಿ ಆ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಇನ್ನೊಂದು ಜಾತಿ ಫ್ಲೈಟ್‌ಗಿಯರ್‌ನದು. 1996ರಲ್ಲಿ ಪ್ರಸ್ತಾವವಾಗಿ 1997ರಲ್ಲಿ ಮೊದಲ ರೂಪ ತಳೆದ ಅದು ಹಲವು ದೇಶಗಳ ಆಸಕ್ತರು ಕೂಲಿ ಪಡೆಯದೆ ಬೆಳೆಸಿದ ತಂತ್ರಾಂಶ. ನಮ್ಮ ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಮಕ್ಕಳು ಬಳಸುವ ಸ್ವತಂತ್ರ ತಂತ್ರಾಂಶಗಳ ಕುಲಕ್ಕೇ ಸೇರಿದ್ದು. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಇಂಥ ಔದಾರ್ಯಕ್ಕೆ ಕೈಮುಗಿಯಬೇಕು. ಆದರೆ ಹಾರಾಟ ಬಲ್ಲವರು ಹಾರಾಟ ಬಲ್ಲವರಿಗಾಗಿಯೇ ಕಟ್ಟಿದ ಮನೆಗೆ ಮೆಟ್ಟಿಲಿಡುವುದು ಮರೆತುಹೋಗುವುದುಂಟು.

ಹುಡುಗನ ಯಂತ್ರದಲ್ಲಿದ್ದುದೂ ಉತ್ಸಾಹಿಗಳು ಮಾಡಿದ ಅಂಥದೊಂದು ಆಟವೇ. ವಿಮಾನ ಸೆಸ್ನಾ 172. ನಾಲ್ವರು ಕೂರಬಹುದಾದ, ಒಂದೇ ಎಂಜಿನಿನ ಇದನ್ನು 1956ರಿಂದೀಚೆಗೆ ನಲವತ್ತು ಸಾವಿರಕ್ಕೂ ಮಿಕ್ಕಿ ನಿರ್ಮಿಸಿದ್ದಾರೆ. ನನಗೂ ವಿಮಾನದ ಗಂಧವಿಲ್ಲ. ಇಬ್ಬರೂ ಚಾವಡಿಯಲ್ಲಿ ಕುಳಿತೆವು. ಎಂಜಿನ್ ಗುರುಗುಟ್ಟಿತು, ಪೂರ್ತಿ ವೇಗ ಕೊಟ್ಟೆವು, ವಿಮಾನ ನಿಂತಲ್ಲೇ ನಡುಗಿತು. ಅರ್ಧ ಗಂಟೆಯ ಮೇಲೆ ಕಂಡೆವು: ನಿಜವಾದ ವಿಮಾನಕ್ಕೆ ಮಾಡುವಂತೆಯೇ ಅದರ ಚಕ್ರಗಳಿಗೆ ಅಡ್ಡ ಕೊಟ್ಟಿದ್ದರು, ರೆಕ್ಕೆಗಳನ್ನು ಹಗ್ಗದಿಂದ ನೆಲಕ್ಕೆ ಬಿಗಿದಿದ್ದರು! ಗಾಡಿಯ ಗಾಲಿಗೆ ಕಲ್ಲು ಕೊಟ್ಟು ಎತ್ತುಗಳನ್ನು ಹೊಡೆದಂತಾಗಿತ್ತು ನಮ್ಮ ಕಥೆ.

ಅಡ್ಡ ತೆಗೆದರೆ ವಿಮಾನ ಎಡಕ್ಕೆ ತಿರುಗಿ ಹುಲ್ಲಿಗೆ ಹೋಯಿತು. ಮತ್ತೊಮ್ಮೆ, ಮತ್ತೂ ಒಮ್ಮೆ ಎಡಕ್ಕೇ. ಹುಡುಗ ಇದನ್ನು ತನ್ನ ಕೈಯ ದೋಷವೆಂದು ನಂಬಿದ್ದ. ವಾಸ್ತವವಾಗಿ ಅದು ಭೌತಶಾಸ್ತ್ರದ ಪಾಠ. ಮುಂದಿನ ಪಂಖ ಚಾಲಕನ ಕಣ್ಣಿಗೆ ಬಲಸುತ್ತು ತಿರುಗುತ್ತದೆ. ಅದು ಹಿಂದಕ್ಕೆ ತಳ್ಳಿದ ಗಾಳಿ ಸುರುಳಿ ಸುತ್ತುತ್ತ ಬಾಲದ ಎಡಮಗ್ಗುಲಿಗೆ ಬಡಿದು ಬಾಲವನ್ನು ಬಲಕ್ಕೂ ಮೂಗನ್ನು ಎಡಕ್ಕೂ ನೂಕುತ್ತದೆ. ಚಾಲಕ ಬಲಗಾಲಿನಿಂದ ಚುಕ್ಕಾಣಿಯನ್ನು ಒತ್ತಿ ಸರಿದೂಗಿಸಬೇಕು. ನಮ್ಮಲ್ಲಿ ಕಾಲಿನ ಕೆಲಸ ಕೀಲಿಮಣೆಯ ಬಲಬದಿಯ ಅಂಕೆಗಳ ಪಾಲಿಗೆ ಬಂದಿತ್ತು. ಆ ಲ್ಯಾಪ್‌ಟಾಪಿಗೆ ಆ ಅಂಕೆಗಳ ಸಾಲೇ ಇರಲಿಲ್ಲ! ಎಂಟು ದಿನ ಆ ಮಗು ಇಲ್ಲದ ಕಾಲಿನಿಂದ ಒದೆಯಲು ಹೊರಟಿತ್ತು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಇಂಥ ಆಟಗಳು ನೀನು ಬಿದ್ದೆ ಎಂದು ತೋರಿಸುತ್ತವೆ. ಏಕೆ ಬಿದ್ದೆ ಎಂದು ಹೇಳುವುದು ಅಪರೂಪ. ಉತ್ತರ ಪುಸ್ತಕದಲ್ಲಿ ಸೊನ್ನೆಯನ್ನು ಮಾತ್ರ ಬರೆದು, ತಪ್ಪಿನ ಕೆಳಗೆ ಒಂದು ಗೆರೆಯನ್ನೂ ಎಳೆಯದೆ ಹಿಂತಿರುಗಿಸುವ ಉಪಾಧ್ಯಾಯನನ್ನು ನಾವು ಮೆಚ್ಚುತ್ತೇವೆಯೇ? ಕೈಪಿಡಿಗಳಿವೆ ನಿಜ, ಅವು ನೂರಾರು ಪುಟಗಳು, ಇಂಗ್ಲಿಷಿನಲ್ಲಿ. ಬಿಡುವಿನ ಒಂದು ಗಂಟೆ ಆಡಲು ಬಂದವನು ಅಷ್ಟರಲ್ಲಿ ಎದ್ದುಹೋಗಿರುತ್ತಾನೆ.

ಅಂಕೆಗಳ ಒಂದು ಬಿಡಿ ಕೀಲಿಮಣೆಯನ್ನು ಕಾಸರಗೋಡು ಪೇಟೆಯಿಂದ ತರಿಸಿದೆವು. ಮಕ್ಕಳಿಗೆ ಇದನ್ನು ಹಾಕಿಕೊಡುವ ಹೆತ್ತವರು, ಎಂಜಿನನ್ನು ತಾನಾಗಿ ಚಾಲೂ ಮಾಡುವ ಸೌಕರ್ಯವಿದ್ದರೆ ಮೊದಲು ಅದನ್ನೇ ಬಳಸಲಿ. ನಡುಹಗಲು, ಗಾಳಿಯಿಲ್ಲದ ಹವೆ, ಸಣ್ಣ ವಿಮಾನ ಇವನ್ನೇ ಆರಿಸಲಿ. ಭೂದೃಶ್ಯ ಅಂತರಜಾಲದಿಂದ ಇಳಿಯುವಷ್ಟು ಹೊತ್ತು ತಾಳ್ಮೆ ಬೇಕು. ಅದು ಇಳಿಯದಿದ್ದರೆ ಊರಿರುವಲ್ಲಿ ಕಡಲು ಕಾಣಿಸಿ ಗಾಬರಿಯಾದೀತು. ಜೊತೆಗೊಂದು ಟಿಪ್ಪಣಿ ಪುಸ್ತಕವಿರಲಿ. ಪ್ರತಿ ಸಲವೂ ಏನಾಯಿತು, ಏಕಾಯಿತು ಎಂದು ನಮ್ಮ ಹುಡುಗನಿಂದ ಬರೆಯಿಸಿದೆ.

ಮರುವಾರ ಅವನು ಬಜಪೆಯನ್ನೇ ಆರಿಸಿದ. ಗುಡ್ಡದ ನೆತ್ತಿಯ ಮೇಲಿನ ಆ ಓಡುದಾರಿಯಲ್ಲಿ ಇಳಿಸಲು ಹೋಗಿ, ಕೊನೆಯನ್ನೂ ದಾಟಿ ಕಣಿವೆಗೆ ಬೀಳಿಸಿ ಗಹಗಹಿಸಿದ. ಒಳಗೆ ಕಾಫಿ ಸೋಸುತ್ತಿದ್ದ ನನ್ನ ಮನೆಯಾಕೆಯ ಕೈ ನಿಂತಿತು. 2010ರ ಮೇ 22ರ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿದ್ದವರಾರೂ ಆ ಕಣಿವೆಯನ್ನು ಮರೆಯಲಾರರು. ದುಬೈಯಿಂದ ಬಂದ ವಿಮಾನದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಮಡಿದವರಲ್ಲಿ ನಮ್ಮವರೂ ಅನೇಕರು. ಹುಡುಗ ಆಗ ಹುಟ್ಟಿರಲಿಲ್ಲ. ಕೂರಿಸಿ ಹೇಳಿದೆ: ಅಂದು ವಿಮಾನ 2,450 ಮೀಟರಿನ ಓಡುದಾರಿಯ ಅರ್ಧವನ್ನೂ ದಾಟಿದ ಮೇಲೆ ನೆಲ ಮುಟ್ಟಿತು, ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದ್ದನೆಂದು ತನಿಖೆಯ ವರದಿ ತಿಳಿಸುತ್ತದೆ. ಅವನು ನಗಲಿಲ್ಲ, ಏನೂ ಕೇಳಲೂ ಇಲ್ಲ. ಪುಸ್ತಕ ತೆರೆದು ಬರೆದುಕೊಂಡ.

ಸಂಜೆಯವರೆಗೂ ಅಲ್ಲಿಯೇ ಕುಳಿತಿದ್ದ. ಒಂದು ಸಲ ಎತ್ತರ ಹೆಚ್ಚಾಗಿ ಅರ್ಧ ಓಡುದಾರಿ ಕೆಳಗೆ ಸರಿದುಹೋಯಿತು, ಚಕ್ರಗಳು ಇನ್ನೂ ಗಾಳಿಯಲ್ಲಿದ್ದವು. ಈ ಪುಟ್ಟ ವಿಮಾನಕ್ಕೆ ಉಳಿದರ್ಧವೂ ಧಾರಾಳ ಸಾಕಿತ್ತು. ನಾನು ಬಾಯಿ ಬಿಡಲಿಲ್ಲ. ಅವನು ಪೂರ್ತಿ ವೇಗ ಕೊಟ್ಟು, ಮೂಗನ್ನು ಎತ್ತಿ, ಗುಡ್ಡದ ಮೇಲಿಂದ ಮರಳಿ ಸುತ್ತಿಗೆ ಹೊರಟ.

“ಇದನ್ನು ಏನೆಂದು ಬರೆಯಲಿ, ಮಾಷ್ಟ್ರೇ? ಇಳಿಯಲಿಲ್ಲವಲ್ಲ” ಎಂದು ಕೇಳಿದ.

“ಇಳಿಯಲಿಲ್ಲ ಎಂದೇ ಬರೆ. ಕಾರಣವನ್ನೂ ಬರೆ” ಎಂದೆ.