ದಂಡ ಕಟ್ಟಿದ್ದೇನೆ, ಹ್ಯಾಂಡಲ್ ಯಾರು ಕಟ್ಟುತ್ತಾರೆ?

ಸ್ಟೇಷನ್ ರಸ್ತೆಯ ಔಷಧಿ ಅಂಗಡಿಯಿಂದ ಐದೇ ನಿಮಿಷಕ್ಕೆ ಹೊರಬಂದೆ. ಬೈಕ್ ಇರಲಿಲ್ಲ. ಕಳುವಾಯಿತೋ, ಎತ್ತಿಕೊಂಡು ಹೋದರೋ ಹೇಳುವವರಿಲ್ಲ. ಪಾನ್ ಅಂಗಡಿಯವ ಕೈ ತೋರಿಸಿದ ದಿಕ್ಕಿಗೆ ರಿಕ್ಷಾ ಹಿಡಿದೆ. ನಿಲ್ಲಿಸಿದ ಜಾಗ ತಪ್ಪು, ದಂಡ ಕಟ್ಟಿದೆ. ಬಾಗಿದ ಹ್ಯಾಂಡಲ್‌ಗೆ ಯಾರು ಹೊಣೆ ಎಂದು ಕೇಳಿದರೆ ನಕ್ಕರು.

1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಂತ ಗಾಡಿ ಎತ್ತಿಸಲು ಅಪ್ಪಣೆ ಕೊಡಬೇಕಾದವರು ಸಮವಸ್ತ್ರದಲ್ಲಿರುವ, ಆ ಸರಹದ್ದಿನ ಪೊಲೀಸ್ ಅಧಿಕಾರಿ. ಖರ್ಚು ಮಾಲೀಕನದು. ಒಪ್ಪಿದೆ. ಆದರೆ ಎತ್ತುವವರು ಗುತ್ತಿಗೆದಾರನ ಹುಡುಗರು. ಗಾಡಿಗಿಷ್ಟು ಎಂದು ಹಣ ಸಿಗುವವನಿಗೆ ರಸ್ತೆ ತೆರವಾಗುವುದಕ್ಕಿಂತ ಸುಲಭಕ್ಕೆ ಸಿಗುವ ಬೈಕೇ ಮುಖ್ಯ.

2017ರಲ್ಲಿ ಮುಂಬೈಯ ಮಲಾಡ್‌ನಲ್ಲಿ, ತಾಯಿ ಕೂಸಿಗೆ ಹಾಲೂಡಿಸುತ್ತಿದ್ದ ಕಾರನ್ನೇ ಎಳೆದರು. 2022ರಲ್ಲಿ ಬೆಂಗಳೂರಿನ ಜನ ರೊಚ್ಚಿಗೆದ್ದಾಗ ಟೋಯಿಂಗನ್ನೇ ನಿಲ್ಲಿಸಿದರು. ಅದೂ ಪರಿಹಾರವಲ್ಲ; ಆಂಬುಲೆನ್ಸಿಗೆ ಅಡ್ಡ ನಿಂತ ಗಾಡಿ ತೆಗೆಯಲೇಬೇಕು.

ನಾನು ಕೇಳುವುದಿಷ್ಟೇ: ಮೊದಲು ಮೈಕಿನಲ್ಲಿ ಕೂಗಿ. ಎತ್ತುವ ಮುನ್ನ ಫೋಟೊ ತೆಗೆಯಿರಿ. ಅಷ್ಟರಲ್ಲಿ ಮಾಲೀಕ ಬಂದರೆ ದಂಡ ಹಾಕಿ, ಗಾಡಿ ಬಿಡಿ. ಒಯ್ದರೆ ಮೊಬೈಲಿಗೆ ಸಂದೇಶ ಕಳಿಸಿ. ಹಾನಿಯಾದರೆ ಗುತ್ತಿಗೆದಾರನ ಠೇವಣಿಯಿಂದ ಕೊಡಿಸಿ.

ನನ್ನ ತಪ್ಪಿಗೆ ನಾನು ಕಟ್ಟಿದ್ದೇನೆ. ಅವರ ತಪ್ಪಿಗೆ ಅವರು ಕಟ್ಟಲಿ.