ಎಳೆಯುವ ಬಲ, ಹೊರುವ ಮಿತಿ

ಅಮೆರಿಕದಲ್ಲಿ ಬೇಸಿಗೆ ರಜೆ ಆರಂಭವಾಯಿತೆಂದರೆ ಹೆದ್ದಾರಿಗಳ ಮೇಲೆ ಮನೆಗಳೇ ಚಲಿಸತೊಡಗುತ್ತವೆ. ಅಡುಗೆಮನೆ, ಮಲಗುವ ಕೋಣೆ, ಸ್ನಾನದ ಮನೆಗಳನ್ನೆಲ್ಲ ಅಡಕಮಾಡಿಕೊಂಡಿರುವ ಈ ಗಾಲಿಮನೆಗೆ ಅಲ್ಲಿ ಟ್ರಾವೆಲ್ ಟ್ರೈಲರ್ ಎಂದು ಹೆಸರು. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಎರಡೂವರೆ ಟನ್ನಿನಿಂದ ನಾಲ್ಕೂವರೆ ಟನ್ನಿನವರೆಗೆ ತೂಗುವ ಈ ಮನೆಯನ್ನು ಬೆಟ್ಟ ಹತ್ತಿಸಿ ಇಳಿಸಲು ಅಲ್ಲಿನ ಅನೇಕ ಕುಟುಂಬಗಳು ಆರಿಸಿಕೊಳ್ಳುವುದು ಡೀಸೆಲ್ ಪಿಕಪ್ ವಾಹನವನ್ನು. ಮಲೆನಾಡಿನ ಓದುಗರಿಗೆ ಇದು ದೂರದ ದೇಶದ ಸಿರಿವಂತರ ವಿಹಾರದ ಕಥೆಯೆನಿಸಬಹುದು. ಆದರೆ ಡೀಸೆಲ್ ಪಿಕಪ್ ಇಂದು ಅಡಿಕೆ ಅಂಗಳದ ಅಂಚಿಗೂ ಬಂದು ನಿಂತಿದೆ. ಅದನ್ನು ಆರಿಸುವಾಗ ಮತ್ತು ಅದರೊಡನೆ ಬಾಳುವಾಗ ಆ ದೇಶದವರು ಕಲಿತ ಪಾಠಗಳೂ, ಮಾಡಿದ ತಪ್ಪುಗಳೂ ಘಟ್ಟದ ಜನರಿಗೆ ಉಪಯುಕ್ತವಾಗಿವೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯ ಕೆಲಸವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಟಾರ್ಕ್ ಎಂದು ಕರೆಯುವ ತಿರುಗುಬಲ ಅದರಲ್ಲಿ ಕಡಿಮೆ ವೇಗದಲ್ಲಿಯೇ ದೊರೆಯುವುದರಿಂದ ಭಾರ ಎಳೆಯುವುದಕ್ಕೆ ಅದು ಹೇಳಿಮಾಡಿಸಿದ ಯಂತ್ರ. 1989ರ ಮಾದರಿಯ ಡಾಡ್ಜ್ ಪಿಕಪ್‌ಗೆ ಕಮಿನ್ಸ್ ಕಂಪನಿಯ 5.9 ಲೀಟರ್ ಡೀಸೆಲ್ ಎಂಜಿನ್ ಅಳವಡಿಸಿದಾಗ ಅದರ ತಿರುಗುಬಲ ಸುಮಾರು 540 ನ್ಯೂಟನ್ ಮೀಟರ್ ಇತ್ತು. 2019ರ ವೇಳೆಗೆ ಅದೇ ವಂಶದ ಪಿಕಪ್ಪಿನಲ್ಲಿ ಅದು 1,350ನ್ನು ದಾಟಿತು. ಮೂವತ್ತು ವರ್ಷಗಳಲ್ಲಿ ಎರಡೂವರೆ ಪಟ್ಟು! ಈ ಅವಧಿಯಲ್ಲಿ ಜಾಹೀರಾತುಗಳು ಒಂದೇ ಮಾತನ್ನು ಸಾರಿದವು: ಇದು ಎಷ್ಟು ಟನ್ ಎಳೆಯಬಲ್ಲದು ನೋಡಿ.

ಆದರೆ ಅನುಭವಸ್ಥ ಮಾಲೀಕರು ಜಾಹೀರಾತನ್ನು ಬದಿಗಿಟ್ಟು ಮೊದಲು ನೋಡುವುದು ವಾಹನದ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಒಂದು ಸಣ್ಣ ಚೀಟಿಯನ್ನು. ಆ ವಾಹನ ತನ್ನ ಮೈಮೇಲೆ ಎಷ್ಟು ಕಿಲೋ ಹೊರಬಹುದು ಎಂಬುದು ಅಲ್ಲಿ ಅಚ್ಚಾಗಿರುತ್ತದೆ. ಟ್ರೈಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಅದರ ಮೂಗಿನ ಮೂಲಕ ಪಿಕಪ್ಪಿನ ಹಿಂಬದಿಯ ಮೇಲೆ ಕೂರಬೇಕು; ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಹಾವಿನಂತೆ ಹೊಯ್ದಾಡಿ ವಾಹನವನ್ನೇ ಉರುಳಿಸಬಲ್ಲದು. ಉದಾಹರಣೆಗೆ, ನಾಲ್ಕೂವರೆ ಟನ್ ಟ್ರೈಲರಿನ ಮೂಗಿನ ಭಾರ ಸುಮಾರು 560 ಕಿಲೋ. ನಾಲ್ಕು ಜನರ ತೂಕ 300 ಕಿಲೋ. ಚೀಟಿಯಲ್ಲಿ 1,000 ಕಿಲೋ ಎಂದಿದ್ದರೆ ಉಳಿಯುವುದು 140 ಕಿಲೋ ಮಾತ್ರ. ಡೀಸೆಲ್ ಎಂಜಿನ್ ಸ್ವತಃ ಭಾರವಾದುದರಿಂದ ಹೊರುವ ಸಾಮರ್ಥ್ಯದ ಒಂದಂಶವನ್ನು ಅದೇ ನುಂಗಿರುತ್ತದೆ. ಎಳೆಯುವ ಬಲ ಮುಗಿಯುವುದಕ್ಕೆ ಬಹಳ ಮೊದಲೇ ಹೊರುವ ಮಿತಿ ಮುಗಿದುಹೋಗುತ್ತದೆ.

ಇಳಿಜಾರಿನ ಶಿಸ್ತು ಎರಡನೆಯ ಪಾಠ. ಕೊಲರಾಡೊ ರಾಜ್ಯದ ಐಸೆನ್‌ಹೋವರ್ ಸುರಂಗದ ಬಳಿ ಹೆದ್ದಾರಿ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರಕ್ಕೇರಿ, ನೂರು ಮೀಟರಿಗೆ ಏಳು ಮೀಟರಿನಷ್ಟು ಕಡಿದಾಗಿ ಇಳಿಯುತ್ತದೆ. ಬ್ರೇಕ್ ಸೋತ ವಾಹನಗಳು ನುಗ್ಗಿ ನಿಲ್ಲಲೆಂದು ರಸ್ತೆಬದಿಯಲ್ಲಿ ಜಲ್ಲಿ ಹಾಸಿದ ಏರುದಾರಿಗಳನ್ನೇ ಅಲ್ಲಿ ಕಟ್ಟಿದ್ದಾರೆ. ಅಂತಹ ಇಳಿಜಾರಿಗೆಂದೇ ಭಾರದ ಪಿಕಪ್‌ಗಳಲ್ಲಿ ಹೊಗೆಯ ದಾರಿಯನ್ನು ಬಿಗಿಹಿಡಿದು ಎಂಜಿನ್ನೇ ವೇಗ ತಗ್ಗಿಸುವ ವ್ಯವಸ್ಥೆಯಿರುತ್ತದೆ. ಗಾಲಿಮನೆಗೂ ಅದರದೇ ಬ್ರೇಕುಗಳಿದ್ದು, ಚಾಲಕನ ಕೈಯಳತೆಯಲ್ಲಿ ಅದರ ಹತೋಟಿಯಿರುತ್ತದೆ.

ಇಷ್ಟು ಶಿಸ್ತು ಕಲಿತ ಸಮಾಜವೇ ಇನ್ನೊಂದು ಕಡೆ ಎಡವಿತು. ಕುಟುಂಬವೊಂದು ಗಾಲಿಮನೆಯನ್ನು ಎಳೆಯುವುದು ವರ್ಷಕ್ಕೆ ಕೆಲವೇ ವಾರ. ಉಳಿದ ದಿನಗಳಲ್ಲಿ ಮೂರು ಟನ್ನಿಗೂ ಮಿಗಿಲಾದ ಆ ವಾಹನ ಒಬ್ಬನನ್ನು ಕೂರಿಸಿಕೊಂಡು ಕಚೇರಿಗೆ, ಅಂಗಡಿಗೆ ಓಡಾಡುತ್ತದೆ. ಟ್ರೈಲರ್ ಎಳೆಯುವಾಗ ಲೀಟರಿಗೆ ನಾಲ್ಕೈದು ಕಿಲೋಮೀಟರ್, ಖಾಲಿಯಿದ್ದಾಗಲೂ ಏಳೆಂಟು. ಪ್ರತಿ ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ವರ್ಷದ ಅತಿ ಭಾರದ ದಿನಕ್ಕೆ ಅಳತೆಮಾಡಿ ಕೊಂಡ ವಾಹನದ ಬೆಲೆಯನ್ನು ಉಳಿದೆಲ್ಲ ದಿನಗಳೂ ತೆರಬೇಕಾಗಿದೆ.

ಹೊಗೆಯ ಕಥೆ ಇನ್ನೂ ಕಹಿಯಾದುದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಖಚಿತಪಡಿಸಿತು. ಅದಕ್ಕೆ ಮೊದಲೇ ಅಮೆರಿಕದಲ್ಲಿ 2007ರ ಮಾದರಿಗಳಿಂದ ಮಸಿಯನ್ನು ಹಿಡಿದಿಡುವ ಫಿಲ್ಟರ್ ಬಂದಿತ್ತು. 2010ರ ನಂತರ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಯೂರಿಯಾ ದ್ರಾವಣದ ಬಳಕೆ ವ್ಯಾಪಕವಾಯಿತು. ರೈತ ಗದ್ದೆಗೆ ಎರಚುವ ಯೂರಿಯಾವೇ ಇಲ್ಲಿಯೂ ಮೂಲವಸ್ತು. ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಬೆರೆತ ನೀರು ಬಿಸಿ ಹೊಗೆಯಲ್ಲಿ ಅಮೋನಿಯವಾಗಿ, ವಿಷಾನಿಲವನ್ನು ನಿರಪಾಯಕಾರಿ ಸಾರಜನಕವಾಗಿ ಬದಲಿಸುತ್ತದೆ. ಆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ದುರಸ್ತಿ ದುಬಾರಿ, ಎಳೆತ ಕಡಿಮೆಯಾಗುತ್ತದೆ ಎಂಬ ನೆಪದಿಂದ ಸಾವಿರಾರು ಮಾಲೀಕರು ಇವನ್ನೆಲ್ಲ ಕಿತ್ತುಹಾಕಿಸಿದರು. 2020ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದಂತೆ, ಅದರ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಹೀಗೆ ಹೊಗೆ ನಿಯಂತ್ರಣ ತೆಗೆಸಿಕೊಂಡ ಡೀಸೆಲ್ ಪಿಕಪ್‌ಗಳು 5.5 ಲಕ್ಷಕ್ಕೂ ಹೆಚ್ಚು. ಗಾಳಿಯ ಮೇಲೆ ಅದರ ಪರಿಣಾಮ, 90 ಲಕ್ಷ ಹೆಚ್ಚುವರಿ ಪಿಕಪ್‌ಗಳನ್ನು ರಸ್ತೆಗಿಳಿಸಿದ್ದಕ್ಕೆ ಸಮ. ತಯಾರಕರೂ ಹಿಂದೆ ಬೀಳಲಿಲ್ಲ. 2013ರಿಂದ 2019ರವರೆಗಿನ ಸುಮಾರು 6.3 ಲಕ್ಷ ಪಿಕಪ್‌ಗಳ ಎಂಜಿನ್‌ಗಳಲ್ಲಿ ನಿಯಮ ವಂಚಿಸುವ ತಂತ್ರಾಂಶವಿತ್ತೆಂಬ ಆರೋಪವನ್ನು ಇತ್ಯರ್ಥಪಡಿಸಿಕೊಳ್ಳಲು ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡ ತೆರಲು 2023ರ ಕೊನೆಯಲ್ಲಿ ಒಪ್ಪಿಕೊಂಡಿತು.

ಈ ಹಿನ್ನೆಲೆಯಲ್ಲಿ ಮಲೆನಾಡಿನ ಪಿಕಪ್ಪಿನತ್ತ ನೋಡಬೇಕು. ಇಲ್ಲಿ ಅದು ವಿಹಾರದ ವಾಹನವಲ್ಲ. ಎತ್ತಿನ ಗಾಡಿಗಳು ಮೂಲೆ ಸೇರಿ, ಕೂಲಿಯಾಳುಗಳು ವಿರಳವಾದ ಮೇಲೆ ಅಡಿಕೆ ಮೂಟೆ, ಬಾಳೆಗೊನೆ, ಗೊಬ್ಬರ, ಹುಲ್ಲು ಎಲ್ಲಕ್ಕೂ ಅದೇ ಆಧಾರ. ಮಳೆಗಾಲದ ರಾತ್ರಿ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸುವುದೂ ಎಷ್ಟೋ ಊರುಗಳಲ್ಲಿ ಅದೇ. ಪಿಕಪ್ ಬೇಡವೆಂದು ಉಪದೇಶಿಸುವುದು ಸುಲಭ. ಹೊರೆ ಹೊತ್ತು ಬೆನ್ನು ಬಾಗಿದವರಿಗೆ ಅದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ. ಪ್ರಶ್ನೆ ಇರುವುದು ಎಷ್ಟು ಪಿಕಪ್, ಯಾರ ಹೆಸರಿನಲ್ಲಿ, ಎಷ್ಟು ಭಾರಕ್ಕೆ ಎಂಬುದರಲ್ಲಿ.

ಲೆಕ್ಕ ಹಾಕಿ ನೋಡಬಹುದು. ಎರಡು ಎಕರೆ ಅಡಿಕೆ ತೋಟ, ಎಕರೆಗೆ 550 ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕಾಂಪೋಸ್ಟ್, 12 ಕಿಲೋ ಹಸಿರೆಲೆ ಎಂಬ ಶಿಫಾರಸನ್ನು ಪೂರ್ತಿ ಪಾಲಿಸಿದರೆ ಒಟ್ಟು ಸುಮಾರು 26 ಟನ್. ಎಕರೆಗೆ ಎಂಟು ಕ್ವಿಂಟಾಲಿನಂತೆ ಒಣ ಅಡಿಕೆ 1.6 ಟನ್. ಒಂದೂವರೆ ಟನ್ ಹೊರುವ ಪಿಕಪ್ಪಿಗೆ ಇದೆಲ್ಲ ಸೇರಿ ವರ್ಷಕ್ಕೆ ಇಪ್ಪತ್ತು ಬಾರಿಯ ಕೆಲಸ. ಇಪ್ಪತ್ತು ಬಾರಿಯ ಕೆಲಸಕ್ಕೆ ಒಂಬತ್ತು ಹತ್ತು ಲಕ್ಷ ರೂಪಾಯಿಯ ವಾಹನ ಕೊಂಡ ಯುವಕ ಸಾಲದ ಕಂತನ್ನು ತೋಟದಿಂದ ಕಟ್ಟಲಾರ. ವಾಹನ ಬಾಡಿಗೆಗೆ ಓಡಲೇಬೇಕು. ಕಂತಿನ ದಿನ ಹತ್ತಿರವಾದಂತೆ ಕಲ್ಲು, ಮರಳು, ನಾಟಾ, ದರಗು ಯಾವುದಕ್ಕೂ ಇಲ್ಲವೆನ್ನುವ ಸ್ವಾತಂತ್ರ್ಯ ಅವನಿಗೆ ಉಳಿಯುವುದಿಲ್ಲ. ಮಿತಿ ಮೀರಿದ ಭಾರವೂ ಅಲ್ಲಿಂದಲೇ ಆರಂಭವಾಗುತ್ತದೆ.

ದರಗಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೊಪ್ಪು, ದರಗುಗಳನ್ನು ತಲೆಹೊರೆಯಲ್ಲಿ ತರುತ್ತಿದ್ದ ಕಾಲದಲ್ಲಿ ಮನುಷ್ಯನ ಕುತ್ತಿಗೆಯ ಶಕ್ತಿಯೇ ಬೆಟ್ಟಕ್ಕೆ ಕಾವಲಾಗಿತ್ತು. ದೂರದ ಬೆಟ್ಟದ ಎಲೆ ಅಲ್ಲಿಯೇ ಕೊಳೆತು ಮಣ್ಣಾಗುತ್ತಿತ್ತು; ಆ ಹೊದಿಕೆ ಜಡಿಮಳೆಯ ಹೊಡೆತವನ್ನು ತಡೆದು ನೀರನ್ನು ನೆಲಕ್ಕಿಳಿಸುತ್ತಿತ್ತು. ಈಗ ಕಚ್ಚಾರಸ್ತೆ ಮುಟ್ಟಿದಲ್ಲೆಲ್ಲ ಪಿಕಪ್ ಮುಟ್ಟುತ್ತದೆ. ಎಲೆ ಗುಡಿಸಿಹೋದ ಬೆಟ್ಟದಲ್ಲಿ ಮೇಲ್ಮಣ್ಣು ತೊಳೆದುಹೋಗಿ ಗಟ್ಟಿ ನೆಲ ಹೊರಬೀಳುತ್ತದೆ, ಕೆಳಗಿನ ತೋಟದ ಒರತೆ ಫಾಲ್ಗುಣಕ್ಕೇ ಸೊರಗುತ್ತದೆ. ತೋಟಕ್ಕೆ ತಂದ ಗೊಬ್ಬರಕ್ಕಿಂತ ತೋಟ ಕಳೆದುಕೊಂಡ ನೀರು ಹೆಚ್ಚು ಬೆಲೆಯುಳ್ಳದ್ದು.

ರಸ್ತೆಗೂ ಮಿತಿಯಿದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದಂತೆ, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದುದನ್ನು ಕಂಡ ಜನರಿಗೆ, ರಸ್ತೆ ಹಾಳಾಯಿತೆಂದು ಮತ್ತೆ ಗುಡ್ಡ ಕಡಿದು ಅಗಲ ಮಾಡುವುದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದೆ. ಗಾಲಿಮನೆಗಳು ಘಟ್ಟವೇರಲು ಹೊರಟಾಗ, ಅವುಗಳ ಅಳತೆಗೆ ರಸ್ತೆಯೋ ರಸ್ತೆಯ ಅಳತೆಗೆ ಅವುಗಳೋ ಎಂಬುದನ್ನು ಗ್ರಾಮಸಭೆಗಳು ಮೊದಲೇ ಕೇಳಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಮನುಷ್ಯ ಜೀವದ ಪ್ರಶ್ನೆ. ಅಮೆರಿಕದ ಗಾಲಿಮನೆಗೆ ತನ್ನದೇ ಬ್ರೇಕ್ ಇದೆ. ಮಲೆನಾಡಿನ ಇಳಿಜಾರಿನಲ್ಲಿ ಜಲ್ಲಿ ತುಂಬಿ ಇಳಿಯುವ ಎಷ್ಟೋ ಟ್ರ್ಯಾಕ್ಟರ್ ಟ್ರೈಲರುಗಳಿಗೆ ಅದಿಲ್ಲ. ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ನಿಯಮ. ಡೀಸೆಲ್ ಉಳಿಸಲು ಎಂಜಿನ್ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವನು ಬ್ರೇಕಿನ ಅರ್ಧ ಬಲವನ್ನು ತಾನೇ ಕಳೆದುಕೊಂಡಿರುತ್ತಾನೆ. ಆ ಪಿಕಪ್ಪಿನ ಹಿಂಬದಿಯಲ್ಲಿ ಕೊನೆಕೊಯ್ಲಿನ, ಕಾಫಿ ಕೊಯ್ಲಿನ ಕೂಲಿಕಾರರು ನಿಂತಿರುತ್ತಾರೆ, ಹೆಚ್ಚಿನವರು ಹೆಂಗಸರು. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಯ ಹೊರತು, ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ನೀಡುವ ಹೊಣೆ ಕಾನೂನಿನಡಿ ವಿಮಾ ಕಂಪನಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ತೀರ್ಪು ನೀಡಿದೆ. ವಾಹನ ಮಗುಚಿದರೆ ಕೂಲಿಕಾರಳ ಮನೆಗೂ ಪರಿಹಾರವಿಲ್ಲ, ಮಾಲೀಕನ ತೋಟವೂ ಉಳಿಯುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಅಧಿಕ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ದಂಡಕ್ಕೆ ಹೆದರುವವರು ಈ ಇನ್ನೊಂದು ನಷ್ಟವನ್ನೂ ಎಣಿಸಬೇಕು.

ಹೊಗೆಯ ವಿಷಯದಲ್ಲಿ ಭಾರತ 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮವನ್ನು ಜಾರಿಗೊಳಿಸಿ, ಡೀಸೆಲ್‌ನಲ್ಲಿನ ಗಂಧಕವನ್ನು ಹತ್ತು ಲಕ್ಷ ಪಾಲಿನಲ್ಲಿ 50 ಪಾಲಿನಿಂದ 10ಕ್ಕೆ ಇಳಿಸಿತು. ಹೊಸ ಪಿಕಪ್‌ಗಳಲ್ಲಿ ಮಸಿ ಫಿಲ್ಟರ್ ಇದೆ. ಅದು ಹಿಡಿದ ಮಸಿ ಉರಿದು ಶುದ್ಧವಾಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಮನೆಯಿಂದ ಸೊಸೈಟಿಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ವಾಹನದಲ್ಲಿ ಅದು ಕಾಯುವುದಿಲ್ಲ. ದೀಪ ಹೊತ್ತಿದಾಗ ಫಿಲ್ಟರನ್ನೇ ಕಿತ್ತುಹಾಕಿಸುವ ಆಸೆ ಇಲ್ಲಿಯೂ ಹುಟ್ಟುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿಸುವುದು ಸರಿಯಾದ ದಾರಿ. ದಿನವೂ ಸಣ್ಣ ಓಟವಷ್ಟೇ ಇರುವವರಿಗೆ ಡೀಸೆಲ್ ವಾಹನವೇ ತಕ್ಕುದಲ್ಲ. ಪೆಟ್ರೋಲಿನ ಸಣ್ಣ ಸರಕು ವಾಹನ ಸಾಕು.

ವರ್ಷಕ್ಕೆ ಇಪ್ಪತ್ತು ಬಾರಿಯ ಕೆಲಸವಿರುವ ಹತ್ತು ಮನೆಗಳಿಗೆ ಒಟ್ಟು ಇನ್ನೂರು ಬಾರಿಯ ಕೆಲಸವಾಯಿತು. ಅಷ್ಟಕ್ಕೆ ಒಂದು ಪಿಕಪ್ ಸಾಕು. ಕೊಯ್ಲಿನ ದಿನಗಳು ಎಲ್ಲರಿಗೂ ಒಟ್ಟಿಗೇ ಬರುತ್ತವೆ ಎಂಬ ಆಕ್ಷೇಪ ನಿಜ. ಆದರೆ ಒಣ ಅಡಿಕೆ ನಾಲ್ಕು ದಿನ ಕಾಯಬಲ್ಲದು, ಗೊಬ್ಬರ ಒಂದು ವಾರ ಕಾಯಬಲ್ಲದು. ಸರದಿ ಹಾಕಿ ಮುಯ್ಯಾಳು ಕಟ್ಟುತ್ತಿದ್ದ ಊರುಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಪ್ರಾಥಮಿಕ ಕೃಷಿ ಸಹಕಾರ ಸಂಘಗಳು ಇಂತಹ ಸಾಮೂಹಿಕ ವಾಹನಕ್ಕೆ ಮೊದಲ ಆದ್ಯತೆಯಲ್ಲಿ ಸಾಲ ನೀಡಬೇಕು. ಯಾವ ಬೆಟ್ಟದಿಂದ ಎಷ್ಟು ದರಗು, ಯಾವ ತಿಂಗಳು ಎಂಬುದನ್ನು ಗ್ರಾಮ ಅರಣ್ಯ ಸಮಿತಿಗಳು ನಿರ್ಧರಿಸಬೇಕು. ಕೂಲಿಕಾರರ ಓಡಾಟಕ್ಕೆ ಕೊಯ್ಲಿನ ತಿಂಗಳುಗಳಲ್ಲಾದರೂ ಬೆಳಗ್ಗೆ ಸಂಜೆ ಬಸ್ಸು ಬಿಡುವಂತೆ ಸಾರಿಗೆ ಸಂಸ್ಥೆಯನ್ನು ಒತ್ತಾಯಿಸಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಪಿಕಪ್‌ಗಳನ್ನೂ, ಅವು ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಸ್ವಂತ ಭಾರ ಹೊರುತ್ತವೆ ಎಂಬುದನ್ನೂ ಎಣಿಸಿ ಮುಂದಿನ ಗ್ರಾಮಸಭೆಯ ಮುಂದಿಡಲಿ. ಆ ಎಣಿಕೆಯಿಂದಲೇ ಚರ್ಚೆ ಆರಂಭವಾಗಲಿ.